ರಿಕ್ಟರ್ ಮಾಪಕಕ್ಕೆ ಇನ್ನಾದರೂ ಎಳ್ಳುನೀರು ಬಿಡಿ

2025ರ ಮಾರ್ಚ್ 28, ಶುಕ್ರವಾರ. ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರ ಮೊಬೈಲಿನಲ್ಲೂ ಒಂದೇ ವಿಡಿಯೋ. ಬ್ಯಾಂಕಾಕಿನಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಇಸ್ಪೀಟೆಲೆಯ ಮನೆಯ ಹಾಗೆ ಕುಸಿದು ಧೂಳಾಗುವುದು. ಭೂಕಂಪ ಆದದ್ದು ಮಯನ್ಮಾರಿನಲ್ಲಿ, ಸಾವಿರ ಕಿಲೋಮೀಟರ್ ಆಚೆ. ಮರುದಿನ ಬೆಳಗ್ಗೆ ಕಾಫಿ ಕುಡಿಯುತ್ತಾ ಪೇಪರ್ ತೆಗೆದರೆ ಮುಖಪುಟದಲ್ಲಿ ಈ ಸಾಲು: "ರಿಕ್ಟರ್ ಮಾಪಕದಲ್ಲಿ 7.7 ತೀವ್ರತೆಯ ಭೂಕಂಪ, ಮಂಡಲೆ ಬಳಿ ಕೇಂದ್ರಬಿಂದು."

ಒಂದು ಸಾಲು, ಮೂರು ತಪ್ಪು. ರಿಕ್ಟರ್ ಮಾಪಕ ಅನ್ನುವುದು ತಪ್ಪು. ತೀವ್ರತೆ ಅನ್ನುವುದು ತಪ್ಪು. ಕೇಂದ್ರಬಿಂದು ಅನ್ನುವುದು ಸುಳ್ಳಲ್ಲ, ಆದರೆ ಸುಳ್ಳಿಗಿಂತ ಹೆಚ್ಚು ದಾರಿ ತಪ್ಪಿಸುತ್ತದೆ.

"ಅಯ್ಯೋ, ಅಷ್ಟಕ್ಕೆಲ್ಲ ಯಾಕಪ್ಪಾ ತಲೆ ಕೆಡಿಸಿಕೊಳ್ತೀಯಾ, ನಂಬರ್ ಸರಿ ಇದೆಯಲ್ಲ" ಅಂದ ನಮ್ಮ ಟೀಮಿನ ಗೆಳೆಯ. ಅವನೂ ಇಂಜಿನಿಯರಿಂಗ್ ಓದಿದವನೇ. ಅದೇ ಉಸಿರಿನಲ್ಲಿ, "ಚಂದ್ರನ ಮೇಲೆ ಇಳೀತಾರೆ, ಒಂದು ಭೂಕಂಪ ಮುಂಚೆ ಹೇಳೋಕೆ ಬರಲ್ಲ ಇವರಿಗೆ" ಅಂತಲೂ ಸೇರಿಸಿದ. ಆ ಎರಡು ಮಾತಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಆ 'ಬಿಂದು'ವಿನ ಕಥೆ. ಚಿಕ್ಕಪೇಟೆಯ ಬಟ್ಟೆ ಅಂಗಡಿಗೆ ಅಮ್ಮನ ಜೊತೆ ಹೋದವರೆಲ್ಲ ನೋಡಿರುತ್ತೀರಿ. ಅಂಗಡಿಯಾತ ಥಾನಿನಿಂದ ಬಟ್ಟೆ ಅಳೆದು, ಅಂಚಿನಲ್ಲಿ ಕತ್ತರಿಯಿಂದ ಒಂದು ಚಿಕ್ಕ ಕಚ್ಚು ಹಾಕುತ್ತಾನೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಎಳೆದರೆ ಪರ್‍ರ್ ಎಂದು ಆ ತುದಿಯವರೆಗೆ ಹರಿಯುತ್ತದೆ. ಭೂಕಂಪದ ಕೇಂದ್ರಬಿಂದು ಅಂದರೆ ಆ ಕತ್ತರಿಯ ಕಚ್ಚು, ಅಷ್ಟೇ. ಭೂಕಂಪ ಅಂದರೆ ಹರಿದದ್ದು. ನೆಲದಾಳದಲ್ಲಿ ಎರಡು ಬಂಡೆಗಳ ನಡುವೆ ಮೊದಲೇ ಇದ್ದ ಬಿರುಕು, ಭೂವಿಜ್ಞಾನದ ಪುಸ್ತಕಗಳಲ್ಲಿ ಸ್ತರಭಂಗ ಅಂತ ಕರೆಯುತ್ತಾರಲ್ಲ ಅದು, ಒಂದು ಕಡೆ ಜಾರಲು ಶುರುವಾಗಿ ಉದ್ದಕ್ಕೂ ಸೀಳುತ್ತಾ ಹೋಗುತ್ತದೆ. ಸೆಕೆಂಡಿಗೆ ಎರಡು-ಮೂರು ಕಿಲೋಮೀಟರ್ ವೇಗದಲ್ಲಿ.

ಮಯನ್ಮಾರಿನಲ್ಲಿ ಕಚ್ಚು ಬಿದ್ದದ್ದು ಮಂಡಲೆ ಹತ್ತಿರ. ಹರಿದದ್ದು ಸಗೈಂಗ್ ಸ್ತರಭಂಗದ ಉದ್ದಕ್ಕೆ ಸುಮಾರು 480 ಕಿಲೋಮೀಟರ್. ರಾಜಧಾನಿ ನೇಪಿಡಾ ಆ 'ಬಿಂದು'ವಿನಿಂದ ಸುಮಾರು 250 ಕಿಲೋಮೀಟರ್ ದೂರ. ಪೇಪರಿನ ನಕ್ಷೆ ನೋಡಿದರೆ, ಮಂಡಲೆಯ ಸುತ್ತ ಕೆಂಪು ವೃತ್ತಗಳು, ನೇಪಿಡಾ ಆರಾಮಾಗಿ ಹೊರಗೆ. ನಿಜದಲ್ಲಿ ಸೀಳು ನೇಪಿಡಾದ ಪಕ್ಕದಲ್ಲೇ ಹಾದು ಹೋಯಿತು. ಅಲ್ಲಿ ಸರ್ಕಾರಿ ಕಟ್ಟಡಗಳು, ಆಸ್ಪತ್ರೆ, ಎಲ್ಲ ಬಿದ್ದವು. ಒಟ್ಟು ಸತ್ತವರು ಮೂರೂವರೆ ಸಾವಿರಕ್ಕೂ ಹೆಚ್ಚು. ಆ ವೃತ್ತದ ನಕ್ಷೆ ಬರೆದ ಪುಣ್ಯಾತ್ಮರು ಬಟ್ಟೆ ಹರಿದ ಜಾಗ ತೋರಿಸಿ ಅಂದರೆ ಕತ್ತರಿ ತೋರಿಸುತ್ತಿದ್ದಾರೆ.

ಆ ಭೂಕಂಪದ ಇನ್ನೊಂದು ವಿಡಿಯೋ ಕೂಡ ನೀವು ನೋಡಿರಬಹುದು. ಥಾಝಿ ಹತ್ತಿರದ ಒಂದು ಸೋಲಾರ್ ಘಟಕದ ಸಿಸಿಟಿವಿಯದು. ಗೇಟು, ಕಾಂಕ್ರೀಟ್ ದಾರಿ, ಆಚೆ ಗಿಡಮರ. ಮೊದಲು ಎಲ್ಲ ಅಲುಗಾಡುತ್ತದೆ. ಆಮೇಲೆ ಏಕಾಏಕಿ ಆಚೆ ಭಾಗದ ನೆಲಕ್ಕೆ ನೆಲವೇ ರೈಲು ಹೊರಟ ಹಾಗೆ ಸರಿದು ಹೋಗುತ್ತದೆ! ವಾಟ್ಸಾಪಿನಲ್ಲಿ ಇದನ್ನು ನೋಡಿ "ಎಐ ಕೈಚಳಕ" ಅಂತ ನಕ್ಕವರು ಬಹಳ ಮಂದಿ. ಕ್ಯೋಟೋ ವಿಶ್ವವಿದ್ಯಾಲಯದ ಸಂಶೋಧಕರು ನಗಲಿಲ್ಲ, ಫ್ರೇಮ್ ಫ್ರೇಮ್ ಅಳೆದರು. 1.3 ಸೆಕೆಂಡಿನಲ್ಲಿ 2.5 ಮೀಟರ್ ಜಾರಿದೆ, ಗರಿಷ್ಠ ವೇಗ ಸೆಕೆಂಡಿಗೆ 3.2 ಮೀಟರ್. ಜಾರಿದ ದಾರಿ ನೇರ ಗೆರೆಯಲ್ಲ, ಸ್ವಲ್ಪ ಬಾಗಿದೆ. ದೊಡ್ಡ ಭೂಕಂಪದಲ್ಲಿ ಸ್ತರಭಂಗ ಜಾರುವುದನ್ನು ಹೀಗೆ ಕಣ್ಣಾರೆ ಕಂಡು ಅಳೆಯಲು ಸಿಕ್ಕಿದ್ದು ಅದೇ ಮೊದಲು. ಅದಕ್ಕೂ ಮುಂಚೆ ನೂರು ವರ್ಷ, ದೂರದಲ್ಲಿಟ್ಟ ಯಂತ್ರದ ಗೀಚು ನೋಡಿ ಲೆಕ್ಕ ಹಾಕಿದ್ದನ್ನು ಒಂದು ಸೆಕ್ಯುರಿಟಿ ಕ್ಯಾಮೆರಾ ತೋರಿಸಿತು. ನಮ್ಮ ಚಾನೆಲ್ಲುಗಳು ಅದಕ್ಕೆ "ಬೆಚ್ಚಿಬೀಳಿಸುವ ದೃಶ್ಯ" ಅಂತ ಮ್ಯೂಸಿಕ್ ಹಾಕಿ ಮುಗಿಸಿದವು.

ಈಗ ರಿಕ್ಟರ್ ಸಾಹೇಬರ ಬಳಿಗೆ ಬರೋಣ. ಅವರ ಮೇಲೆ ನನಗೆ ಏನೂ ಸಿಟ್ಟಿಲ್ಲ. 1935ರಲ್ಲಿ ಚಾರ್ಲ್ಸ್ ರಿಕ್ಟರ್ ದಕ್ಷಿಣ ಕ್ಯಾಲಿಫೋರ್ನಿಯಾದ ಭೂಕಂಪಗಳನ್ನು ಹೋಲಿಸಲು ಒಂದು ಅಳತೆ ಮಾಡಿಕೊಂಡರು. ವುಡ್-ಆಂಡರ್ಸನ್ ಅನ್ನುವ ಒಂದು ನಿರ್ದಿಷ್ಟ ಯಂತ್ರ, ನೂರು ಕಿಲೋಮೀಟರ್ ದೂರದಲ್ಲಿಟ್ಟಾಗ, ಅದರ ಗೀಚು ಒಂದು ಮಿಲಿಮೀಟರ್ ಎತ್ತರ ಎದ್ದರೆ ಪರಿಮಾಣ 3. ಹತ್ತು ಪಟ್ಟು ಎದ್ದರೆ 4. ಅಷ್ಟೇ. ಆ ಊರಿಗೆ, ಆ ಯಂತ್ರಕ್ಕೆ, ಆ ಗಾತ್ರದ ಭೂಕಂಪಗಳಿಗೆ ಸೊಗಸಾದ ಅಳತೆ. ಇವತ್ತಿಗೂ ಅದರ ಮೊಮ್ಮಕ್ಕಳಂಥ ಸ್ಥಳೀಯ ಪರಿಮಾಣ ಬಳಕೆಯಲ್ಲಿದೆ. ನಮ್ಮ ವಿಜಯಪುರ, ಕಲಬುರಗಿ ಕಡೆ 2021ರಲ್ಲಿ ಪಾತ್ರೆ ಪಗಡ ಅಲುಗಾಡಿಸಿದ ಸಣ್ಣ ಕಂಪನಗಳಿಗೆ ಅದು ಸಾಕು.

ದೊಡ್ಡದಕ್ಕೆ ಸಾಲದು. ಯಾಕೆ ಅಂತ ಮತ್ತೆ ಚಿಕ್ಕಪೇಟೆಯಲ್ಲೇ ನೋಡಬಹುದು. ಬ್ಲೌಸ್ ಪೀಸ್ ಹರಿದರೂ ಪರ್‍ರ್, ಆರು ಗಜ ಹರಿದರೂ ಪರ್‍ರ್. ಎರಡರ ಸದ್ದೂ ಒಂದೇ ಜೋರು. ಉದ್ದದ್ದು ಹೆಚ್ಚು ಹೊತ್ತು ಕೇಳಿಸುತ್ತದೆ ಅಷ್ಟೇ, ಹೆಚ್ಚು ಜೋರಾಗಿ ಅಲ್ಲ. ರಿಕ್ಟರ್ ವಿಧಾನ ಕೇಳುವುದು ಜೋರನ್ನು, ಅದೂ ಒಂದು ಸೆಕೆಂಡಿನ ಆಸುಪಾಸಿನ ವೇಗದ ಕಂಪನವನ್ನು. ಹೀಗಾಗಿ ಸೀಳು ಒಂದು ಹದ್ದು ಮೀರಿ ಉದ್ದವಾದರೆ ಅಂಕಿ ಏರುವುದೇ ಇಲ್ಲ, ಅಲ್ಲೇ ನಿಂತುಬಿಡುತ್ತದೆ. ಏಳರ ಹತ್ತಿರ ಬಂದಾಗಲೇ ಅದರ ಮಾತು ನಂಬುವಂತಿಲ್ಲ. ಮುಂದೆ ಬಂದ ಬೇರೆ ಅಲೆಗಳ ಮಾಪಕಗಳೂ ಎಂಟರ ಆಚೀಚೆ ಸುಸ್ತಾಗುತ್ತವೆ. ಮೈಸೂರಿನಲ್ಲಿ ದಸರಾ ಆನೆಗಳನ್ನು ತೂಗುವುದು ಲಾರಿ ತೂಗುವ ವೇಬ್ರಿಡ್ಜಿನಲ್ಲಿ, ದಿನಸಿ ಅಂಗಡಿಯ ತಕ್ಕಡಿಯಲ್ಲಲ್ಲ.

ವೇಬ್ರಿಡ್ಜ್ ಕಟ್ಟಿದವರು ಜಪಾನಿನಲ್ಲಿ ಹುಟ್ಟಿದ ಇಬ್ಬರು. 1966ರಲ್ಲಿ ಕೀಟಿ ಅಕಿ, 1964ರ ನೀಗಾತಾ ಭೂಕಂಪವನ್ನು ಇಟ್ಟುಕೊಂಡು ಭೂಕಂಪದ 'ಮೊಮೆಂಟ್' ಲೆಕ್ಕ ಹಾಕಿ ತೋರಿಸಿದರು. ಎಪ್ಪತ್ತರ ದಶಕದ ಕೊನೆಯಲ್ಲಿ ಹಿರೂ ಕನಮೋರಿ, ಥಾಮಸ್ ಹ್ಯಾಂಕ್ಸ್ ಜೊತೆ ಸೇರಿ ಅದನ್ನು ಪರಿಮಾಣದ ಅಂಕಿಗೆ ಇಳಿಸಿದರು. ಸೂತ್ರ ನಮ್ಮ ಪಿಯುಸಿ ಹುಡುಗರಿಗೂ ಅರ್ಥವಾಗುವಂಥದ್ದು. ಎಷ್ಟು ವಿಸ್ತಾರ ಹರಿಯಿತು, ಸರಾಸರಿ ಎಷ್ಟು ಮೀಟರ್ ಜಾರಿತು, ಬಂಡೆ ಎಷ್ಟು ಗಡಸು, ಈ ಮೂರರ ಗುಣಲಬ್ಧ. ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ, ನೀವೇ ಮಾಡಿ ನೋಡಿ. ಮಯನ್ಮಾರಿನದ್ದು 480 ಕಿಲೋಮೀಟರ್ ಉದ್ದ, ಆಳ ಒಂದು 15 ಕಿಲೋಮೀಟರ್ ಅಂದುಕೊಳ್ಳಿ, ಜಾರಿದ್ದು ಸುಮಾರು 3 ಮೀಟರ್ ಅಂದುಕೊಳ್ಳಿ, ಗಡಸುತನಕ್ಕೆ 3ರ ಮುಂದೆ ಹತ್ತು ಸೊನ್ನೆ ಪಾಸ್ಕಲ್. ಎಲ್ಲವನ್ನೂ ಮೀಟರಿಗೆ ತಂದು ಗುಣಿಸಿ, ಲಾಗ್ ತೆಗೆದು, 9.1 ಕಳೆದು, 1.5ರಿಂದ ಭಾಗಿಸಿ. 7.8 ಬರುತ್ತದೆ. ಈ ಒರಟು ಲೆಕ್ಕಕ್ಕೂ ಪೇಪರಿನ 7.7ಕ್ಕೂ ಎಷ್ಟು ಹತ್ತಿರ ನೋಡಿ! ಆ 7.7ರ ಒಳಗೆ ಇಡೀ ಸೀಳಿನ ಉದ್ದಗಲ ಕೂತಿದೆ. ಅದಕ್ಕೆ ರಿಕ್ಟರ್ ಹೆಸರಿಟ್ಟರೆ, ಒಂದು ಗೀಚಿನ ಎತ್ತರ ಅಂತ ಹೇಳಿದ ಹಾಗಾಯಿತು.

"ಹೆಸರಲ್ಲೇನಿದೆ ಬಿಡಪ್ಪ" ಅನ್ನುವವರಿಗೆ ಈಗ ನಿಜವಾದ ವಿಷಯ ಹೇಳುತ್ತೇನೆ. ಹೆಸರು ಹೋಗಲಿ, ಈ ಕಡಿಮೆ ತೋರಿಸುವ ಅಂಕಿ ಜನರನ್ನು ಕೊಂದಿದೆ. ಒಂದಲ್ಲ, ಎರಡು ಸಲ.

2004ರ ಡಿಸೆಂಬರ್ 26, ಭಾನುವಾರ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 6:29. ಸುಮಾತ್ರದ ವಾಯವ್ಯ ತೀರದ ಬಳಿ ಕಚ್ಚು ಬಿತ್ತು. ಹದಿನೈದು ನಿಮಿಷಕ್ಕೆ ಹವಾಯಿಯ ಪೆಸಿಫಿಕ್ ಸುನಾಮಿ ಎಚ್ಚರಿಕೆ ಕೇಂದ್ರದ ಮೊದಲ ಪ್ರಕಟಣೆ: ಪರಿಮಾಣ 8.0. ಒಂದು ಗಂಟೆಯ ನಂತರದ ಎರಡನೆಯದರಲ್ಲಿ 8.5. ಹಾರ್ವರ್ಡಿನವರು ದೀರ್ಘ ಅಲೆಗಳ ಲೆಕ್ಕ ಹಾಕಿ ಒಂಬತ್ತರ ಹತ್ತಿರದ ಅಂಕಿ ಕೊಡುವಷ್ಟರಲ್ಲಿ ಗಂಟೆಗಳೇ ಕಳೆದಿದ್ದವು. ಮದ್ರಾಸಿನ ಮರೀನಾಕ್ಕೆ ಒಂಬತ್ತರ ಹೊತ್ತಿಗೆಲ್ಲ ನೀರು ನುಗ್ಗಿತ್ತು. ಈಗ ಒಪ್ಪಿರುವ ಅಂಕಿ 9.1. ಎಂಟಕ್ಕೂ ಒಂಬತ್ತು ಪಾಯಿಂಟ್ ಒಂದಕ್ಕೂ ಏನು ಮಹಾ ವ್ಯತ್ಯಾಸ ಅನ್ನಬೇಡಿ, ಮೊಮೆಂಟಿನ ಲೆಕ್ಕದಲ್ಲಿ ಸುಮಾರು 45 ಪಟ್ಟು.

ಆ ದಿನ ಸೀಳು ಉತ್ತರಕ್ಕೆ ಸುಮಾರು 1300 ಕಿಲೋಮೀಟರ್ ಓಡಿತು, ನಿಕೋಬಾರ್ ದಾಟಿ ಅಂಡಮಾನಿನವರೆಗೆ. ಬೆಂಗಳೂರಿನಿಂದ ಹೊರಟು ನಾಗಪುರ ದಾಟಿ ಹೋಗುವಷ್ಟು ಉದ್ದ, ಎಂಟು-ಹತ್ತು ನಿಮಿಷದಲ್ಲಿ. ಇದನ್ನು ಹೇಗೆ ಕಂಡುಹಿಡಿದರು ಅನ್ನುವುದೇ ಒಂದು ಸೋಜಿಗ. ಜಪಾನಿನಾದ್ಯಂತ ನೆಟ್ಟಿರುವ ನೂರಾರು ಭೂಕಂಪಮಾಪಕಗಳ ಜಾಲ ಹೈ-ನೆಟ್. ಅಷ್ಟನ್ನೂ ಒಂದೇ ದೊಡ್ಡ ಕಿವಿಯ ಹಾಗೆ ಬಳಸಿ, ಪ್ರತಿ ಕ್ಷಣ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಹಿಂದಕ್ಕೆ ಲೆಕ್ಕ ಹಾಕಿದರು. ಕಣ್ಣು ಮುಚ್ಚಿ ಕೂತರೂ ಆಟೋ ಬೀದಿಯ ಈ ತುದಿಯಿಂದ ಆ ತುದಿಗೆ ಹೋದದ್ದು ಗೊತ್ತಾಗುತ್ತದಲ್ಲ, ಹಾಗೆ. 2005ರಲ್ಲಿ ಮಿಯಾಕಿ ಇಶಿಯಿ ಮತ್ತು ಸಂಗಡಿಗರು ಇದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸೀಳು ಉತ್ತರಕ್ಕೆ ನಡೆದ ದಾರಿ ಅದರಲ್ಲಿ ನಿಚ್ಚಳವಾಗಿತ್ತು.

ನಮ್ಮ ಪೇಪರುಗಳಲ್ಲಿ ಆದರೆ ಅದು ಇವತ್ತಿಗೂ "ಸುಮಾತ್ರದ ಭೂಕಂಪ". ಸೀಳಿದ್ದು ನಮ್ಮ ನಿಕೋಬಾರಿನ ಅಡಿಯಲ್ಲೇ ಸ್ವಾಮಿ! ದೇಶದ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ಅಲ್ಲಿನ ದೀಪಸ್ತಂಭದ ಬುಡ ನೀರಿನಲ್ಲಿ ನಿಂತಿತು. ಕಾರ್ ನಿಕೋಬಾರಿನವರಿಗೆ ಸುನಾಮಿ ಸುಮಾತ್ರದಿಂದ ನೆಂಟರ ಹಾಗೆ ನಡೆದು ಬರಲಿಲ್ಲ, ಮನೆಯ ಹಿತ್ತಿಲಿನಿಂದಲೇ ಎದ್ದಿತು. ಒಂದು ಬಿಂದು ಇಟ್ಟು ದೂರ ಅಳೆದರೆ ಇದು ಯಾವತ್ತೂ ಅರ್ಥವಾಗುವುದಿಲ್ಲ. ಹಿಂದೂ ಮಹಾಸಾಗರಕ್ಕೆ ಆಗ ಎಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ, ನಿಜ, ಅಂಕಿ ಸರಿಯಿದ್ದರೂ ಹೇಳಿಸಿಕೊಳ್ಳುವವರಿರಲಿಲ್ಲ. (ಹೈದರಾಬಾದಿನ ಇನ್‌ಕಾಯಿಸ್‌ನಲ್ಲಿ ನಮ್ಮ ಸುನಾಮಿ ಕೇಂದ್ರ ಶುರುವಾದದ್ದು 2007ರಲ್ಲಿ.)

ವ್ಯವಸ್ಥೆ ಇದ್ದವರ ಕಥೆಯನ್ನೇ ನೋಡಿ ಹಾಗಾದರೆ. 2011ರ ಮಾರ್ಚ್ 11, ಜಪಾನ್, ಮಧ್ಯಾಹ್ನ 2:46. ಮೂರೇ ನಿಮಿಷಕ್ಕೆ ಜಪಾನ್ ಹವಾಮಾನ ಸಂಸ್ಥೆಯ ಎಚ್ಚರಿಕೆ ಹೊರಬಿತ್ತು. ಅಂದಾಜು ಪರಿಮಾಣ 7.9. ಮಿಯಾಗಿ ತೀರಕ್ಕೆ 6 ಮೀಟರ್ ಅಲೆ, ಇವಾತೆ ಮತ್ತು ಫುಕುಶಿಮಾಗೆ 3 ಮೀಟರ್. ಇಷ್ಟು ಬೇಗ ಅಂಕಿ ಬೇಕೆಂದರೆ ಬೇಗ ಸುಸ್ತಾಗುವ ಮಾಪಕವನ್ನೇ ನೆಚ್ಚಬೇಕು. ಮೊಮೆಂಟ್ ಲೆಕ್ಕಕ್ಕೆ ಬೇಕಾದ ದೇಶದೊಳಗಿನ ಸೂಕ್ಷ್ಮ ಯಂತ್ರಗಳೋ, ಕಂಪನ ಮಿತಿ ಮೀರಿ ಕೈ ಎತ್ತಿದ್ದವು. ಇವಾತೆಯ ತಾರೋ ಎಂಬ ಊರಿಗೆ ಹತ್ತು ಮೀಟರ್ ಎತ್ತರದ ಸಮುದ್ರಗೋಡೆ ಇತ್ತು. ಆ ಕರಾವಳಿಯಲ್ಲಿ ಗೋಡೆಯ ಹಿಂದೆ ಇದ್ದವರಿಗೆ "ಮೂರು ಮೀಟರ್" ಅಂತ ಕೇಳಿಸಿದರೆ ಏನು ಅನ್ನಿಸೀತು? ಗೋಡೆ ತಡೆಯುತ್ತದೆ ಎಂದುಕೊಂಡು ಓಡುವುದಕ್ಕೆ ತಡಮಾಡಿದವರಿದ್ದರು. ಅರ್ಧ ಗಂಟೆಯಲ್ಲಿ ಅಂಕಿ ಏರಿಸಿದರು, ಹತ್ತು ಮೀಟರಿಗೂ ಹೆಚ್ಚು ಅಂದರು. ಅಷ್ಟರಲ್ಲಿ ಅನೇಕ ಕಡೆ ಕರೆಂಟು ಹೋಗಿತ್ತು, ತಿದ್ದಿದ ಅಂಕಿ ಎಲ್ಲರನ್ನೂ ಮುಟ್ಟಲಿಲ್ಲ. ಕೆಲವೆಡೆ ನೀರು 40 ಮೀಟರಿನಷ್ಟು ಎತ್ತರಕ್ಕೆ ಹತ್ತಿತು. ಸತ್ತವರು, ಕಾಣೆಯಾದವರು ಸೇರಿ ಹದಿನೆಂಟು ಸಾವಿರಕ್ಕೂ ಮೇಲೆ. ಆಮೇಲೆ ಒಪ್ಪಿದ ಪರಿಮಾಣ 9.0. ಮತ್ತದೇ 45 ಪಟ್ಟು!

ಇದಾದ ಮೇಲೆ ಜಪಾನಿನವರು ಮಾಡಿದ್ದನ್ನು ಗಮನಿಸಿ. 2013ರಿಂದ, ಎಂಟನ್ನು ಮೀರುವ ಭೂಕಂಪ ಅಂತ ಅನುಮಾನ ಬಂದರೆ ಮೊದಲ ಎಚ್ಚರಿಕೆಯಲ್ಲಿ ಮೀಟರಿನ ಅಂಕಿಯನ್ನೇ ಹೇಳುವುದಿಲ್ಲ. "ಬೃಹತ್" ಅನ್ನುತ್ತಾರೆ, ಓಡಿ ಅನ್ನುತ್ತಾರೆ. ಅಂಕಿಯ ಮೇಲೆ ಪ್ರಪಂಚದಲ್ಲೇ ಹೆಚ್ಚು ಭಕ್ತಿ ಇರುವ ದೇಶ ಅಂಕಿಯನ್ನು ಕಿತ್ತು ಹಾಕಿತು. ನಾವು 90 ವರ್ಷ ಹಳೆಯ ಮಾಪಕದ ಹೆಸರು ಬಿಡಲು ಒದ್ದಾಡುತ್ತಿದ್ದೇವೆ.

ಹಾಗಂತ ವಿಜ್ಞಾನಿಗಳಿಗೆ ಆರತಿ ಎತ್ತಲು ನಾನು ಕೂತಿಲ್ಲ. 1980ರಲ್ಲಿ ಲ್ಯಾರಿ ರಫ್ ಜೊತೆ ಇದೇ ಕನಮೋರಿ ಒಂದು ಅಚ್ಚುಕಟ್ಟಾದ ವಾದ ಮಂಡಿಸಿದ್ದರು. ಅಡಿಗೆ ನುಗ್ಗುವ ಸಾಗರತಳ ಎಳೆಯದಾಗಿದ್ದು ವೇಗವಾಗಿ ನುಗ್ಗಿದರೆ ಒಂಬತ್ತರಂಥ ಭೂಕಂಪ, ಹಳೆಯದಾಗಿದ್ದರೆ ಇಲ್ಲ ಅಂತ. ಆ ಲೆಕ್ಕದಲ್ಲಿ ಅಂಡಮಾನಿನಲ್ಲೂ ಉತ್ತರ ಜಪಾನಿನಲ್ಲೂ ಒಂಬತ್ತು ಬರುವಂತಿರಲಿಲ್ಲ. ಎರಡೂ ಕಡೆ ಬಂತು. ಸೆಂಡೈ ಬಯಲಿನ ಗದ್ದೆಗಳ ಕೆಳಗೆ ಕ್ರಿ.ಶ. 869ರ ಜೋಗಾನ್ ಸುನಾಮಿ ಹೊತ್ತು ತಂದ ಮರಳಿನ ಪದರ ಕಿಲೋಮೀಟರುಗಟ್ಟಲೆ ಒಳಗೆ ಸಿಕ್ಕಿತ್ತು, ಅದನ್ನು ಅಗೆದು ನೋಡಿದವರು 2011ಕ್ಕೆ ಮುಂಚೆಯೇ ಹೇಳಿದ್ದರು. ಚೆಂದದ ಸಿದ್ಧಾಂತದ ಎದುರು ಗದ್ದೆಯ ಮರಳಿನ ಮಾತು ನಡೆಯಲಿಲ್ಲ.

ಆದರೆ ತಪ್ಪಿದ ಮೇಲೆ ಅವರು ಏನು ಮಾಡುತ್ತಾರೆ ಅನ್ನುವುದು ನನಗೆ ಮುಖ್ಯ. 2012ರಲ್ಲಿ 'ಚಿಕ್ಯು' ಎಂಬ ಹಡಗು ಜಪಾನ್ ಕಂದಕಕ್ಕೆ ಹೋಗಿ ಸುಮಾರು 6900 ಮೀಟರ್ ನೀರಿನ ಕೆಳಗೆ, ಸಮುದ್ರತಳದಲ್ಲಿ ಮತ್ತೆ 800 ಮೀಟರಿಗೂ ಹೆಚ್ಚು ಕೊರೆದು, 2011ರಲ್ಲಿ ಜಾರಿದ ಆ ಸ್ತರಭಂಗವನ್ನೇ ಮುಟ್ಟಿತು. ಅಲ್ಲಿ ನೆಲ 50 ಮೀಟರಿನಷ್ಟು ಜಾರಿತ್ತು. ಕೈ ಉಜ್ಜಿದರೆ ಬಿಸಿಯಾಗುತ್ತದೆ, ಬಂಡೆ ಉಜ್ಜಿದರೂ ಆಗಬೇಕಲ್ಲ. ಕೊಳವೆಯಲ್ಲಿ ಥರ್ಮಾಮೀಟರುಗಳ ಸರ ಇಳಿಸಿ ತಿಂಗಳುಗಟ್ಟಲೆ ಬಿಟ್ಟರು. ಉಳಿದಿದ್ದ ಬಿಸಿ ಡಿಗ್ರಿಯ ಮೂರನೇ ಒಂದು ಭಾಗದಷ್ಟು, 0.31. ಅಷ್ಟೇ! ಘರ್ಷಣಾಂಕ 0.08ರ ಸುಮಾರು. ಸಿಕ್ಕ ಪದರ ಐದು ಮೀಟರಿಗೂ ತೆಳ್ಳಗಿನ ಜೇಡಿಮಣ್ಣು, ಮಳೆಗಾಲದ ಗದ್ದೆಯ ಬದುವಿನಷ್ಟೇ ಜಾರಿಕೆ. ಕಂದಕದ ಬಾಯಿಯ ಹತ್ತಿರ ಸೀಳು ತಾನಾಗಿ ನಿಲ್ಲುತ್ತದೆ ಅಂತ ನಂಬಿದ್ದೆಲ್ಲ ಕೆಸರಿನಲ್ಲಿ ಕಾಲು ಜಾರಿ ಬಿತ್ತು. ಕೆಲಸ ಅಂದರೆ ಇದು. ಗ್ರಹಗತಿ ನೋಡಿ ಟ್ವೀಟ್ ಮಾಡುವುದಲ್ಲ.

ಇನ್ನು ಗೆಳೆಯನ ಎರಡನೇ ಮಾತು, ಮುಂಚೆ ಯಾಕೆ ಹೇಳೋಲ್ಲ ಅನ್ನುವುದು. ಹೇಳಲು ಹೋದರು ಕಣ್ರೀ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್ ಎಂಬ ಪುಟ್ಟ ಊರಿನಲ್ಲಿ 1857, 1881, 1901, 1922, 1934, 1966ರಲ್ಲಿ ಆರರ ಆಸುಪಾಸಿನ ಭೂಕಂಪಗಳು. ಸರಾಸರಿ 22 ವರ್ಷಕ್ಕೊಂದು. ಮುಂದಿನದು 1988ರ ಸುಮಾರಿಗೆ, 1993ರೊಳಗೆ ಖಂಡಿತ ಅಂತ ಅಧಿಕೃತವಾಗಿಯೇ ಹೇಳಿ, ಊರ ತುಂಬ ಯಂತ್ರ ನೆಟ್ಟು ಕಾದರು. ಅದು ಬಂದದ್ದು 2004ರ ಸೆಪ್ಟೆಂಬರ್ 28ಕ್ಕೆ. ಹಿಂದಿನ ಎರಡು ಸಲ ವಾಯವ್ಯದಿಂದ ಆಗ್ನೇಯಕ್ಕೆ ಸೀಳಿದ್ದರೆ ಈ ಸಲ ಉಲ್ಟಾ. ಅಷ್ಟು ಯಂತ್ರಗಳಲ್ಲಿ ಒಂದಕ್ಕೂ ನಂಬುವಂಥ ಮುನ್ಸೂಚನೆ ಸಿಗಲಿಲ್ಲ. ಚೀನಾದವರು 1975ರಲ್ಲಿ ಹೈಚೆಂಗ್ ಭೂಕಂಪಕ್ಕೆ ಮೊದಲೇ ಜನರನ್ನು ಹೊರಗೆ ಕಳಿಸಿದ್ದನ್ನು ಹಾವಿನ ಕಥೆಯ ಸಮೇತ ಫಾರ್ವರ್ಡ್ ಮಾಡುವವರು, ಮರುವರ್ಷ ತಾಂಗ್‌ಶಾನಿನಲ್ಲಿ ಸುಳಿವಿಲ್ಲದೆ ಬಂದ ಭೂಕಂಪಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತದ್ದನ್ನು ಯಾಕೋ ಫಾರ್ವರ್ಡ್ ಮಾಡುವುದಿಲ್ಲ.

ಕಚ್ಚು ಬಿದ್ದ ಕ್ಷಣದಲ್ಲಿ ಅದು ಗೇಣುದ್ದಕ್ಕೆ ನಿಲ್ಲುತ್ತದೋ ಸಾವಿರ ಕಿಲೋಮೀಟರ್ ಓಡುತ್ತದೋ ಹೇಳಲು ಇಂದಿಗೂ ಆಗುವುದಿಲ್ಲ. ಆದರೆ ಎಲ್ಲಿ ಬಟ್ಟೆ ಬಿಗಿಯಾಗಿದೆ ಅಂತ ಹೇಳಲು ಬರುತ್ತದೆ. ಸಗೈಂಗ್ ಸ್ತರಭಂಗದಲ್ಲಿ ಬಹುಕಾಲದಿಂದ ಸೀಳದೆ ಉಳಿದ ಎರಡು ತುಂಡುಗಳನ್ನು 2011ರಲ್ಲೇ ಒಂದು ಪ್ರಬಂಧ ಗುರುತಿಸಿತ್ತು. ಅದರಲ್ಲಿ ಒಂದು ಮಧ್ಯ ಮಯನ್ಮಾರಿನದು. 2025ರಲ್ಲಿ ಸೀಳು ಅದರ ಮೂಲಕವೇ ಹಾಯಿತು. ಆ ಹದಿನಾಲ್ಕು ವರ್ಷದಲ್ಲಿ ದಿನಾಂಕ ಯಾಕೆ ಹೇಳಲಿಲ್ಲ ಅಂತ ಕೇಳಬೇಕೋ, ಕಟ್ಟಡ ಯಾಕೆ ಗಟ್ಟಿ ಮಾಡಲಿಲ್ಲ ಅಂತ ಕೇಳಬೇಕೋ?

ನಮಗೂ ಇದೇ ಪ್ರಶ್ನೆ ಹಿಮಾಲಯದಲ್ಲಿ ಕಾದಿದೆ. 2015ರ ನೇಪಾಳದ ಭೂಕಂಪ ಗೋರ್ಖಾದಲ್ಲಿ ಶುರುವಾಗಿ ಕಠ್ಮಂಡುವಿನ ಅಡಿಯಿಂದ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್ ಸೀಳಿ ನಿಂತಿತು. ಹತ್ತಿರ ಹತ್ತಿರ ಒಂಬತ್ತು ಸಾವಿರ ಜನ ಸತ್ತರು. ಅದರ ಪಶ್ಚಿಮಕ್ಕೆ, ಉತ್ತರಾಖಂಡದ ಕಡೆಗೆ, 1505ರಿಂದ ಅಂಥ ದೊಡ್ಡದು ಆಗಿಲ್ಲ. ಅಲ್ಲಿ ಮುಂದೆ ಎಂಟೂವರೆಯ ಸೀಳು ಬಂದಾಗ ನಮ್ಮ ಪೇಪರುಗಳು ಒಂದು ಹಳ್ಳಿಯ ಮೇಲೆ ಕೆಂಪು ಚುಕ್ಕೆ ಇಟ್ಟು, ಸುತ್ತ ವೃತ್ತ ಎಳೆದು, "ದೆಹಲಿ ಇಷ್ಟು ಕಿಲೋಮೀಟರ್ ದೂರ" ಅಂತ ಬರೆಯುತ್ತವೆ. ಆ ಚುಕ್ಕೆಯಿಂದಲ್ಲ, ಸೀಳಿನ ಹತ್ತಿರದ ತುದಿಯಿಂದ ಅಳೆಯಬೇಕು ಅಂತ ಅವತ್ತು ಯಾರು ಹೇಳುತ್ತಾರೆ?

ತೀವ್ರತೆಯ ವಿಷಯ ಒಂದು ಬಾಕಿ ಇತ್ತು. ಬಲ್ಬಿನ ಮೇಲೆ ಬರೆದ ವ್ಯಾಟ್ ಬೇರೆ, ನಿಮ್ಮ ಪುಸ್ತಕದ ಮೇಲೆ ಬೀಳುವ ಬೆಳಕು ಬೇರೆ. ಮೊದಲನೆಯದು ಪರಿಮಾಣ, ಒಂದು ಭೂಕಂಪಕ್ಕೆ ಒಂದೇ. ಎರಡನೆಯದು ತೀವ್ರತೆ, ಊರಿಗೊಂದು. 1993ರ ಕಿಲ್ಲಾರಿಯ ಪರಿಮಾಣ 6.2 ಮಾತ್ರ, ಆದರೆ ಕಲ್ಲುಮಣ್ಣಿನ ಮನೆಗಳಲ್ಲಿ ಮಲಗಿದ್ದ ಸುಮಾರು ಹತ್ತು ಸಾವಿರ ಜನ ಸತ್ತರು. ಬೀದರ, ಕಲಬುರಗಿಯ ಹಿರಿಯರನ್ನು ಕೇಳಿ, ಆ ಬೆಳಗಿನ ಜಾವ ಅವರಿಗೂ ನೆನಪಿರುತ್ತದೆ. ಅಲ್ಲಿ ಅವರಿಗೆ ತಟ್ಟಿದ್ದು ಬೇರೆ ತೀವ್ರತೆ.

ಮಯನ್ಮಾರಿನ ವರದಿ ನೋಡಿದ ವಾರವೇ ನಾನು ಆ ದಿನಪತ್ರಿಕೆಗೆ ಒಂದು ಪತ್ರ ಬರೆದೆ. "ರಿಕ್ಟರ್ ಮಾಪಕದಲ್ಲಿ 7.7 ತೀವ್ರತೆ" ಬದಲು "7.7 ಪರಿಮಾಣ" ಅನ್ನಿ, ಜಾಗವೂ ಉಳಿಯುತ್ತದೆ. ಎರಡು ದಿನದ ನಂತರ ಸೀಳಿನ ಉದ್ದ ಗೊತ್ತಾದಾಗ ಅದನ್ನೂ ಒಂದು ಸಾಲಿನಲ್ಲಿ ಹಾಕಿ, ಅಂತ. ಉತ್ತರ ಬರಲಿಲ್ಲ, ಬರುತ್ತದೆ ಅಂತ ಅಂದುಕೊಂಡಿರಲೂ ಇಲ್ಲ :) ಆದ್ದರಿಂದ ಗೆಳೆಯರೇ, ನಿಮ್ಮಲ್ಲಿ ಪತ್ರಿಕೆಗಳಲ್ಲಿ ಕೆಲಸ ಮಾಡುವವರಿದ್ದರೆ ಡೆಸ್ಕಿನಲ್ಲಿ ಒಂದು ಮಾತು ಹಾಕಿ. ಇಲ್ಲದವರು, ಕನ್ನಡ ಪತ್ರಿಕೆಯಲ್ಲಿ "ರಿಕ್ಟರ್ ಮಾಪಕ" ಕಂಡಾಗ ಒಂದು ಫೋಟೋ ತೆಗೆದು, ಪತ್ರಿಕೆಯ ದಿನಾಂಕದ ಜೊತೆ ನನಗೆ ಕಳಿಸಿ. ಒಟ್ಟು ಹಾಕುತ್ತಿದ್ದೇನೆ. ಇವತ್ತಿಗೆ ಹದಿನಾಲ್ಕಾಗಿದೆ.